ಭರತನಾಟ್ಯ ಕ್ಲಾಸಿಗೆ ಸೇರಿಸುವ ಮುಂಚೆ ಕೊನೇ ಸಾಲನ್ನು ನೋಡಿ

ಪ್ರಶ್ನೆ: ನನ್ನ ಮಗಳಿಗೆ ಆರೂವರೆ ವರ್ಷ. ಹಾಡು ಕಿವಿಗೆ ಬಿದ್ದರೆ ಸಾಕು, ಕುಣಿಯುತ್ತಾಳೆ. ಶಾಲೆಯ ವಾರ್ಷಿಕೋತ್ಸವದಲ್ಲಿ ದೊಡ್ಡ ಮಕ್ಕಳ ಭರತನಾಟ್ಯ ನೋಡಿದ ಮೇಲೆ ‘ನಂಗೂ ಗೆಜ್ಜೆ ಬೇಕು’ ಅಂತ ಹಟ ಹಿಡಿದಿದ್ದಾಳೆ. ಐದು ವರ್ಷಕ್ಕೇ ಹಾಕಬೇಕಿತ್ತು, ಈಗ ಮೈ ಬಗ್ಗಲ್ಲ ಅನ್ನುತ್ತಾರೆ ನಮ್ಮತ್ತೆ. ಮಂಡಿ ಹಾಳಾಗುತ್ತೆ, ಎತ್ತರ ಬೆಳೆಯಲ್ಲ ಅಂತ ಪಕ್ಕದ ಮನೆಯವರು ಹೆದರಿಸುತ್ತಾರೆ. ಅವಳ ಪಾದ ಬೇರೆ ಚಪ್ಪಟೆ. ನಮ್ಮ ಬಡಾವಣೆಯಲ್ಲಿ ಎರಡು ಕ್ಲಾಸ್ ಇವೆ. ಒಂದರಲ್ಲಿ 40 ಮಕ್ಕಳು, ಮಹಡಿ ಮೇಲೆ ಗ್ರಾನೈಟ್ ನೆಲದ ಹಾಲ್, ವರ್ಷಕ್ಕೆ ನಾಲ್ಕೈದು ಸ್ಟೇಜ್ ಪ್ರೋಗ್ರಾಂ. ನಾಲ್ಕು ವರ್ಷದಲ್ಲಿ ರಂಗಪ್ರವೇಶ (ಒಬ್ಬಳೇ ಮಾಡುವ ಮೊದಲ ಪೂರ್ತಿ ಕಾರ್ಯಕ್ರಮ) ಮಾಡಿಸುತ್ತೇವೆ ಅಂದರು. ಇನ್ನೊಂದು, ವಯಸ್ಸಾದ ಟೀಚರ್ ಒಬ್ಬರ ಮನೆಯಲ್ಲಿ. 8 ಮಕ್ಕಳು. ಮೊದಲ ಆರು ತಿಂಗಳು ಬರೀ ತಟ್ಟಡವು (ಕಾಲು ತಟ್ಟುವ ಮೊದಲ ಪಾಠ) ಅಂದರು. ಯಾವುದಕ್ಕೆ ಸೇರಿಸಲಿ? ಇನ್ನೊಂದು ವರ್ಷ ಕಾಯಲಾ? ಒಂಬತ್ತು ವರ್ಷದ ಮಗನೂ ‘ನಾನೂ ಬರ್ತೀನಿ’ ಅನ್ನುತ್ತಿದ್ದಾನೆ, ಅವರಪ್ಪನಿಗೆ ಇಷ್ಟವಿಲ್ಲ.
ಒಬ್ಬ ತಾಯಿ, ತುಮಕೂರು

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಒಂದೇ ಇದ್ದಂತೆ ಕಂಡರೂ ಒಳಗೆ ಮೂರು ಭಯಗಳಿವೆ. ತಡವಾಯಿತೇ ಅನ್ನುವುದು ಮೊದಲನೆಯದು. ಮಗುವಿನ ಮೈಗೆ ಏಟಾದೀತೇ ಅನ್ನುವುದು ಎರಡನೆಯದು. ಮೂರನೆಯದನ್ನು ನೀವು ಬಾಯಿಬಿಟ್ಟು ಹೇಳಿಲ್ಲ: ತಪ್ಪು ಜಾಗಕ್ಕೆ ಸೇರಿಸಿಬಿಟ್ಟರೆ ಅವಳಿಗೆ ನೃತ್ಯದ ಮೇಲಿರುವ ಈ ಆಸೆಯೇ ಹೋದರೆ? ನಾನು ಫಿಸಿಯೋಥೆರಪಿಸ್ಟ್. ಚಿಕ್ಕಂದಿನಲ್ಲಿ ಹನ್ನೆರಡು ವರ್ಷ ಭರತನಾಟ್ಯ ಕಲಿತವಳು. ನನ್ನ ಹತ್ತಿರ ಮಂಡಿ ನೋವು, ಹಿಮ್ಮಡಿ ನೋವು ಅಂತ ಬರುವ ನೃತ್ಯದ ಮಕ್ಕಳು ಬಹಳ. ಹಾಗಾಗಿ ಎರಡೂ ಕಡೆಯಿಂದ ನೋಡಿ ಹೇಳುತ್ತೇನೆ.

ವಯಸ್ಸಿನ ಮಾತು ಮೊದಲು ಮುಗಿಸಿಬಿಡೋಣ. ತಡವಾಗಿಲ್ಲ, ಸ್ವಲ್ಪವೂ ಆಗಿಲ್ಲ. ಐದಕ್ಕಿಂತ ಮುಂಚೆ ಸೇರಿಸಿದ ಮಕ್ಕಳಲ್ಲಿ ಹೆಚ್ಚಿನವರು ಮೊದಲ ವರ್ಷ ಕ್ಲಾಸಿನಲ್ಲಿ ಕಾಲಿನ ಬೆರಳು ಎಣಿಸುತ್ತಾ ನಿಂತಿರುತ್ತಾರೆ. ಮುಕ್ಕಾಲು ಗಂಟೆ ಒಂದು ಕಡೆ ಗಮನ ಇಡುವುದು, ‘ಬಲಗಾಲು’ ಅಂದರೆ ಬಲಗಾಲನ್ನೇ ಎತ್ತುವುದು, ತಪ್ಪಾದರೆ ಅಳದೆ ಮತ್ತೆ ಮಾಡುವುದು ಸಾಮಾನ್ಯವಾಗಿ ಆರರಿಂದ ಎಂಟರ ನಡುವೆ ಕೂಡಿಬರುತ್ತದೆ. ಹತ್ತಕ್ಕೆ, ಹನ್ನೆರಡಕ್ಕೆ ಶುರುಮಾಡಿ ಚೆನ್ನಾಗಿ ನರ್ತಿಸುವವರನ್ನು ನಾನೇ ಬೇಕಾದಷ್ಟು ನೋಡಿದ್ದೇನೆ. ದೊಡ್ಡ ಉದಾಹರಣೆ ಬೇಕೆಂದರೆ ರುಕ್ಮಿಣಿ ದೇವಿ ಅರುಂಡೇಲ್. 1904ರಲ್ಲಿ ಹುಟ್ಟಿದ ಅವರು ಭರತನಾಟ್ಯವನ್ನು ಮೊದಲು ವೇದಿಕೆ ಮೇಲೆ ಮಾಡಿದ್ದು 1935ರಲ್ಲಿ, ಮೂವತ್ತು ದಾಟಿದ ಮೇಲೆ. ಮರುವರ್ಷ, ಮುಂದೆ ಕಲಾಕ್ಷೇತ್ರ ಎಂದು ಹೆಸರಾದ ಸಂಸ್ಥೆ ಕಟ್ಟಿದರು. ಅದಕ್ಕೆ ಮುಂಚೆ ಸ್ವಲ್ಪ ಬ್ಯಾಲೆ ಕಲಿತಿದ್ದರು ನಿಜ. ಆದರೂ ‘ಐದಕ್ಕೆ ಹಾಕದಿದ್ದರೆ ಆಯ್ತು’ ಅನ್ನುವ ಮಾತಿಗೆ ಅವರೊಬ್ಬರೇ ಸಾಕು. ಇದನ್ನು ಅತ್ತೆಗೆ ಸಮಾಧಾನವಾಗಿ ಹೇಳಿ. ಅವರೂ ಮೊಮ್ಮಗಳ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ, ಅಲ್ವಾ?

ಇನ್ನು ಎತ್ತರ. ಅಡವು, ಅಂದರೆ ಭರತನಾಟ್ಯದ ಮೂಲ ಹೆಜ್ಜೆಗಳನ್ನು, ಮಾಡಿದ್ದರಿಂದ ಎತ್ತರ ನಿಲ್ಲುವುದಿಲ್ಲ. ಮಕ್ಕಳ ಎಲುಬಿನ ತುದಿಗಳಲ್ಲಿ ಮೆತ್ತಗಿನ ಬೆಳವಣಿಗೆಯ ಪಟ್ಟಿಗಳಿರುತ್ತವೆ. ಹುಡುಗಿಯರಲ್ಲಿ ಸುಮಾರು 13ರಿಂದ 15, ಹುಡುಗರಲ್ಲಿ 15ರಿಂದ 17 ವರ್ಷದ ಹೊತ್ತಿಗೆ ಅವು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ. ಹದವಾಗಿ ಕುಣಿದರೆ ಆ ಎಲುಬು ಇನ್ನಷ್ಟು ಗಟ್ಟಿಯಾಗುತ್ತದೆ. ಬೆಳವಣಿಗೆಗೆ ಪೆಟ್ಟು ಬೀಳುವುದು ಬೇರೆ ಕಾರಣಕ್ಕೆ: ಮಗು ಸರಿಯಾಗಿ ಊಟ ಮಾಡದೇ ಇದ್ದರೆ. ‘ನೀನು ದಪ್ಪ ಕಾಣ್ತೀಯ, ಡ್ರೆಸ್ ಕೂರಲ್ಲ’ ಅಂತ ಹತ್ತು ಹನ್ನೊಂದರ ಹುಡುಗಿಗೆ ಹೇಳುವ ಕ್ಲಾಸ್‌ಗಳಿವೆ. ಆ ಮಾತು ಕೇಳಿ ಊಟ ಬಿಟ್ಟ ಮಕ್ಕಳಲ್ಲಿ ಮುಟ್ಟು ತಡವಾಗುವುದು, ಬಂದದ್ದು ನಿಲ್ಲುವುದು, ಎಲುಬು ಟೊಳ್ಳಾಗುವುದು ಇವೆಲ್ಲ ಆಗುತ್ತವೆ. ನಿಮ್ಮ ಮಗಳಿಗೆ ಇದಕ್ಕಿನ್ನೂ ವರ್ಷಗಳಿವೆ. ಆದರೆ ಟೀಚರ್ ಮಕ್ಕಳ ಮೈಬಣ್ಣ, ಮೈಕಟ್ಟಿನ ಬಗ್ಗೆ ಹೇಗೆ ಮಾತಾಡುತ್ತಾರೆ ಅಂತ ಈಗಿನಿಂದಲೇ ಕಿವಿ ಇಟ್ಟಿರಿ.

ಈಗ ಮಂಡಿ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಪಕ್ಕದ ಮನೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಭರತನಾಟ್ಯ ಮಂಡಿಯನ್ನು ಹಾಳು ಮಾಡುವುದಿಲ್ಲ. ತಪ್ಪಾಗಿ ಕೂತ ಅರಮಂಡಿ ಹಾಳು ಮಾಡುತ್ತದೆ. ಅರಮಂಡಿ ಅಂದರೆ ಪಾದ ಪಕ್ಕಕ್ಕೆ ತಿರುಗಿಸಿ, ಮಂಡಿ ಮಡಚಿ, ಅರ್ಧ ಕೂತ ಹಾಗೆ ನಿಲ್ಲುವ ಭಂಗಿ.

ಒಂದು ಹುಡುಗಿಯ ವಿಷಯ ಹೇಳುತ್ತೇನೆ. ಹತ್ತು ವರ್ಷ, ಮೂರು ವರ್ಷದಿಂದ ಕಲಿಯುತ್ತಿದ್ದಳು. ಎರಡೂ ಮಂಡಿ ನೋವು ಅಂತ ಅವರಮ್ಮ ಕರೆತಂದರು. ‘ಅರಮಂಡಿ ಕೂರು ಪುಟ್ಟಿ’ ಅಂದೆ. ಟಕ್ ಅಂತ ಕೂತಳು. ಎರಡು ಪಾದಗಳೂ ಅಡ್ಡಗೆರೆ ಎಳೆದ ಹಾಗೆ ಪಕ್ಕಕ್ಕೆ ತಿರುಗಿದ್ದವು, ನೋಡಲು ಚೆಂದವೇ. ಆದರೆ ಮಂಡಿಚಿಪ್ಪುಗಳು ಎರಡೂ ಮುಂದಕ್ಕೆ, ನನ್ನ ಕಡೆಗೇ ನೋಡುತ್ತಿದ್ದವು. ಒಳಪಾದ ನೆಲಕ್ಕೆ ಕುಸಿದಿತ್ತು. ಪಾದ ಒಂದು ದಿಕ್ಕು, ಮಂಡಿ ಇನ್ನೊಂದು ದಿಕ್ಕು. ನಡುವೆ ಇರುವ ಕೀಲು ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತ್ತು. ಆ ಸ್ಥಿತಿಯಲ್ಲಿ ದಿನಕ್ಕೆ ನೂರಾರು ಸಲ ಕಾಲು ತಟ್ಟುತ್ತಿದ್ದಳು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅವಳ ಪಾದದ ಸುತ್ತ ಗೆರೆ ಎಳೆದೆ. ಆಮೇಲೆ ಎದ್ದು ನಿಲ್ಲಿಸಿ, ತೊಡೆಯ ಬುಡದಿಂದ ಎಷ್ಟು ತಿರುಗುತ್ತದೋ ಅಷ್ಟೇ ತಿರುಗಿಸಿ ಕೂರಿಸಿ ಮತ್ತೆ ಗೆರೆ ಎಳೆದೆ. ಎರಡನೇ ಗೆರೆಯಲ್ಲಿ ಪಾದಗಳು ಅಷ್ಟು ಅಗಲಕ್ಕೆ ತಿರುಗಿರಲಿಲ್ಲ, ಗಡಿಯಾರದ ಹತ್ತು ಮತ್ತು ಎರಡರ ಗುರುತಿನ ಹಾಗೆ ಇದ್ದವು. ಆ ಮಗು ಗೆರೆಗಳನ್ನೇ ನೋಡಿ ಕೇಳಿತು: ‘ಮಿಸ್ ಪಾದ ನೋಡ್ತಾರೆ. ಮಂಡಿ ಯಾರೂ ನೋಡಲ್ಲ. ನಾನು ಕೊನೇ ಸಾಲಲ್ಲಿ ನಿಲ್ಲೋದು, ಇದು ತಪ್ಪಾ ಆಂಟಿ?’

ಅವಳ ತಪ್ಪಲ್ಲ. ಅರಮಂಡಿಯ ತಿರುವು ಬರಬೇಕಾದ್ದು ಸೊಂಟದ ಕೀಲಿನಿಂದ. ಮಂಡಿ ಬಾಗಿಲಿನ ತಿರುಗಣಿಯಂತೆ ಮುಂದೆ ಹಿಂದೆ ಮಡಚುವ ಕೀಲು, ಪಕ್ಕಕ್ಕೆ ತಿರುಗಲು ಮಾಡಿದ್ದಲ್ಲ. ಸೊಂಟ ಎಷ್ಟು ತಿರುಗುತ್ತದೆ ಅನ್ನುವುದು ಬಹುಪಾಲು ಎಲುಬಿನ ಆಕಾರಕ್ಕೆ ಬಿಟ್ಟದ್ದು, ಒಬ್ಬೊಬ್ಬರಿಗೆ ಒಂದೊಂದು ಥರ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಹುಟ್ಟುವಾಗ ನಮ್ಮ ತೊಡೆಯ ಎಲುಬು ಜಾಸ್ತಿ ಒಳಕ್ಕೆ ತಿರುಚಿಕೊಂಡಿರುತ್ತದೆ, ಸುಮಾರು 40 ಡಿಗ್ರಿ. ದೊಡ್ಡವರಾಗುವ ಹೊತ್ತಿಗೆ 15ರ ಆಸುಪಾಸಿಗೆ ಇಳಿಯುತ್ತದೆ. ಆರೇಳು ವರ್ಷದ ಮಕ್ಕಳು ಕಾಲನ್ನು ಎರಡೂ ಪಕ್ಕಕ್ಕೆ ಮಡಚಿ, ಕುಂಡೆ ನೆಲಕ್ಕೆ ತಾಗಿಸಿ ಆರಾಮಾಗಿ ಕೂರುತ್ತಾರಲ್ಲ, ಅದಕ್ಕೆ ಇದೇ ಕಾರಣ. ಅಂದರೆ ನಿಮ್ಮ ಮಗಳ ಎಲುಬು ಇನ್ನೂ ತಾನಾಗಿಯೇ ಸರಿಹೋಗುತ್ತಿದೆ. ಇವತ್ತು ಬಾರದ ತಿರುವು ಎರಡು ವರ್ಷ ಬಿಟ್ಟು ಸಲೀಸಾಗಿ ಬರಬಹುದು. ‘ಈಗ ಬಗ್ಗದಿದ್ದರೆ ಮುಂದೆ ಬಗ್ಗಲ್ಲ’ ಅನ್ನುವುದು ಈ ವಿಷಯದಲ್ಲಿ ಪೂರಾ ತಲೆಕೆಳಗು.

ಆದ್ದರಿಂದ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಕೂತ ಮಗುವಿನ ತೊಡೆಯ ಮೇಲೆ ಕೈಯಿಂದ ಒತ್ತುವುದು, ಮೇಲೆ ಹತ್ತಿ ನಿಲ್ಲುವುದು, ಅರಮಂಡಿಯಲ್ಲಿದ್ದಾಗ ಭುಜ ಹಿಡಿದು ಕೆಳಗೆ ತಳ್ಳುವುದು, ಇವನ್ನು ‘ನಮಗೂ ನಮ್ಮ ಗುರುಗಳು ಹೀಗೇ ಮಾಡಿದ್ದು’ ಅಂತ ಹೇಳಿ ಮಾಡುವವರು ಇವತ್ತಿಗೂ ಇದ್ದಾರೆ. ಬೇಡ. ಕಂಡ ದಿನವೇ ಮಗುವನ್ನು ಕರೆದುಕೊಂಡು ಬನ್ನಿ. ತಾಳ ಹಾಕುವ ಕೋಲಿಗೂ ಇದೇ ಮಾತು. ಅದು ಮಣೆಗೆ ಬಡಿಯಲು ಇರುವುದು, ಮಗುವಿನ ಕಾಲಿಗಲ್ಲ.

ಮನೆಯಲ್ಲಿ ನೀವೇ ನೋಡಬಹುದಾದ ಪರೀಕ್ಷೆ ಸುಲಭ. ಮಗಳನ್ನು ಅರಮಂಡಿಯಲ್ಲಿ ಕೂರಿಸಿ, ಎದುರು ನೆಲದ ಮೇಲೆ ಕೂತು ನೋಡಿ. ಮಂಡಿಚಿಪ್ಪಿನಿಂದ ಒಂದು ದಾರ ಇಳಿಬಿಟ್ಟರೆ ಅದು ಕಾಲಿನ ಎರಡನೇ ಬೆರಳಿನ ಮೇಲೆ ಬೀಳಬೇಕು. ಹೆಬ್ಬೆರಳಿನ ಒಳಗೆ ಬಿದ್ದರೆ ಪಾದವನ್ನು ಸ್ವಲ್ಪ ಮುಂದಕ್ಕೆ ತಿರುಗಿಸಲು ಹೇಳಿ. ಬೆನ್ನು ನೆಟ್ಟಗಿರಲಿ, ಹಿಂಭಾಗ ಹಿಂದಕ್ಕೆ ಚಾಚಿಕೊಳ್ಳಬಾರದು. ಆಳ ಮುಖ್ಯವಲ್ಲ. ನಾಲ್ಕು ಬೆರಳು ಕಮ್ಮಿ ಕೂತರೂ ಪರವಾಗಿಲ್ಲ, ಮಂಡಿ ಬೆರಳಿನ ಮೇಲಿರಬೇಕು.

ಚಪ್ಪಟೆ ಪಾದದ ಬಗ್ಗೆ ಜಾಸ್ತಿ ಯೋಚನೆ ಬೇಡ. ಈ ವಯಸ್ಸಿನ ಬಹಳ ಮಕ್ಕಳ ಪಾದ ಚಪ್ಪಟೆಯಾಗಿಯೇ ಕಾಣುತ್ತದೆ. ಅವಳನ್ನು ತುದಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಆಗ ಒಳಗಡೆ ಕಮಾನು ಮೂಡಿದರೆ, ನೋವೂ ಇಲ್ಲದಿದ್ದರೆ, ಏನೂ ಮಾಡಬೇಕಾಗಿಲ್ಲ. ತುದಿಗಾಲಲ್ಲೂ ಮೂಡದಿದ್ದರೆ, ಅಥವಾ ಪಾದ ಬಿಗಿಯಾಗಿದ್ದು ನೋಯುತ್ತಿದ್ದರೆ ಮೂಳೆ ಡಾಕ್ಟರಿಗೆ ಒಮ್ಮೆ ತೋರಿಸಿ, ಆಮೇಲೆ ಸೇರಿಸಿ.

ಇನ್ನು ನೆಲ. ಕ್ಲಾಸ್ ನೋಡಲು ಹೋದ ಪೋಷಕರು ಗೋಡೆ ಮೇಲಿನ ಫೋಟೋ, ಶೀಲ್ಡ್ ನೋಡುತ್ತಾರೆ. ನಾನು ಮೊದಲು ಚಪ್ಪಲಿ ಬಿಟ್ಟು ನೆಲದ ಮೇಲೆ ಹಿಮ್ಮಡಿ ಕುಟ್ಟಿ ನೋಡುತ್ತೇನೆ. ನಮ್ಮದು ಬರಿಗಾಲಿನ ನೃತ್ಯ, ಕಾಲು ತಟ್ಟುವ ನೃತ್ಯ. ಶೂ ಹಾಕಿ ಓಡುವ ಮಗುವಿಗೆ ಅಡಿಯಲ್ಲಿ ಮೆತ್ತೆ ಇರುತ್ತದೆ, ನಮ್ಮ ಮಕ್ಕಳಿಗೆ ಇರುವುದಿಲ್ಲ. ಕಾಂಕ್ರೀಟಿನ ಮೇಲೆ ಕೂರಿಸಿದ ಗ್ರಾನೈಟ್ ಒಂದಿಷ್ಟೂ ಬಾಗುವುದಿಲ್ಲ, ಹೊಡೆತವೆಲ್ಲ ಹಿಮ್ಮಡಿ, ಮೊಣಕಾಲ ಕೆಳಗಿನ ಎಲುಬು, ಮಂಡಿಗೆ ವಾಪಸ್ ಬರುತ್ತದೆ. ಕೆಳಗೆ ಟೊಳ್ಳು ಬಿಟ್ಟು ಹಾಕಿದ ಮರದ ನೆಲ ಎಲ್ಲಕ್ಕಿಂತ ಒಳ್ಳೆಯದು, ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ. ಹಾಗಂತ ದಪ್ಪ ಸ್ಪಂಜಿನ ಮ್ಯಾಟ್ ಹಾಸಿದರೆ ಪಾದ ಹೂತು ಕಣಕಾಲು ಉಳುಕುತ್ತದೆ. ತೆಳುವಾದ, ಗಟ್ಟಿ ರಬ್ಬರ್ ಹಾಸಿದರೂ ಎಷ್ಟೋ ವಾಸಿ. ಗಟ್ಟಿ ನೆಲ ಬಿಟ್ಟು ಬೇರೆ ದಾರಿಯೇ ಇಲ್ಲ ಅನ್ನುವಾಗ ಟೀಚರ್ ಏನು ಮಾಡುತ್ತಾರೆ ಅನ್ನುವುದು ಮುಖ್ಯ. ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಸುತ್ತಾರಾ? ಕುಪ್ಪಳಿಸುವ ಅಡವುಗಳನ್ನು ಕಮ್ಮಿ ಮಾಡುತ್ತಾರಾ? ಅಥವಾ ‘ಸದ್ದು ಬರ್ಲಿ, ಇನ್ನೂ ಜೋರಾಗಿ ಸದ್ದು ಬರ್ಲಿ’ ಅಂತ ಕೂಗುತ್ತಾರಾ? ತಟ್ಟಿನ ಸದ್ದು ಪಾದ ಪೂರ್ತಿ ಸಮವಾಗಿ ಬಿದ್ದಾಗ ಬರುವುದು, ಕಲ್ಲಿಗೆ ಗುದ್ದಿದಾಗ ಅಲ್ಲ.

ಗೆಜ್ಜೆಗೆ ಅವಸರ ಬೇಡ. ಗೆಜ್ಜೆ ಅಂದರೆ ಕಣಕಾಲಿಗೆ ಕಟ್ಟುವ ಭಾರ. ಅಡವು ಸರಿಯಾಗಿ ಕೂತು, ಗೆಜ್ಜೆಪೂಜೆ ಆದ ಮೇಲೆ ಕಟ್ಟುವ ನಮ್ಮ ಹಳೇ ಪದ್ಧತಿಯಲ್ಲಿ ಮೈಗೆ ಒಳ್ಳೆಯದೂ ಇದೆ. ಮಗಳ ಹಟಕ್ಕೆ ಮನೆಯಲ್ಲಿ ಒಂದೆರಡು ಸಾಲಿನ ಆಟದ ಗೆಜ್ಜೆ ಕೊಡಿಸಿ, ಸಾಕು.

ರಂಗಪ್ರವೇಶದ ವಿಷಯಕ್ಕೆ ಬರೋಣ. ನಾಲ್ಕು ವರ್ಷದಲ್ಲಿ ಮಾಡಿಸುತ್ತೇವೆ ಅಂದಾಗ ಒಂದು ಲೆಕ್ಕ ಹಾಕಿ. ವಾರಕ್ಕೆ ಎರಡು ಕ್ಲಾಸ್, ತಲಾ ಒಂದು ಗಂಟೆ. ಹಬ್ಬ, ಪರೀಕ್ಷೆ, ಜ್ವರ ಕಳೆದರೆ ವರ್ಷಕ್ಕೆ ಹೆಚ್ಚೆಂದರೆ 90 ಗಂಟೆ. ನಾಲ್ಕು ವರ್ಷಕ್ಕೆ 360. ಅದರಲ್ಲೂ 40 ಮಕ್ಕಳ ನಡುವೆ ಅವಳನ್ನು ಒಬ್ಬಳನ್ನೇ ನೋಡಿ ತಿದ್ದಿದ್ದು ಎಷ್ಟು ಗಂಟೆ? ರಂಗಪ್ರವೇಶದಲ್ಲಿ ಮಾಡುವ ಪೂರ್ತಿ ಮಾರ್ಗ (ನೃತ್ಯಗಳ ಕ್ರಮ) ಅಂದರೆ ಅಲರಿಪುವಿನಿಂದ ಶುರುವಾಗಿ ಜತಿಸ್ವರ, ಶಬ್ದ, ವರ್ಣ, ಪದ, ಜಾವಳಿ, ತಿಲ್ಲಾನದವರೆಗೆ ಎರಡು ಗಂಟೆಗೂ ಜಾಸ್ತಿ. ವರ್ಣವೊಂದೇ ಅರ್ಧ ಗಂಟೆ ಮೀರಬಹುದು. ಹತ್ತೂವರೆ ವರ್ಷದ ಮಗುವಿನಿಂದ ಇದನ್ನು ಮಾಡಿಸಬೇಕಾದರೆ ಕೊನೆಯ ಆರು ತಿಂಗಳು ದಿನಾ ಎರಡು ಮೂರು ಗಂಟೆ ಉರು ಹೊಡೆಸಬೇಕು. ನನ್ನ ಹತ್ತಿರ ಬರುವ ನೋವಿನ ಮಕ್ಕಳಲ್ಲಿ ತುಂಬಾ ಜನ ಆ ಆರು ತಿಂಗಳಲ್ಲೇ ಬರುವುದು. ಆ ವಯಸ್ಸಿನಲ್ಲಿ ಎಲುಬು ಬೇಗ ಬೆಳೆಯುತ್ತದೆ, ಸ್ನಾಯು ಹಿಂದೆ ಬೀಳುತ್ತದೆ, ಸ್ನಾಯು ಅಂಟಿದ ಜಾಗದಲ್ಲಿ ಎಳೆತ ಬಿದ್ದು ಮಂಡಿಯ ಕೆಳಗೆ ಒಂದು ನೋಯುವ ಗಂಟು ಏಳುತ್ತದೆ, ಇಲ್ಲವೇ ಹಿಮ್ಮಡಿಯ ಹಿಂಭಾಗ ನೋಯುತ್ತದೆ. ಎರಡೂ ಅಪಾಯದ ಕಾಯಿಲೆಗಳಲ್ಲ. ಕುಣಿತ ಕಮ್ಮಿ ಮಾಡಿದರೆ ಇಳಿಯುತ್ತವೆ. ಆದರೆ ಆಮಂತ್ರಣ ಪತ್ರಿಕೆ ಅಚ್ಚಾಗಿ, ಹಾಲ್ ಬುಕ್ ಆಗಿರುವಾಗ ‘ಕಮ್ಮಿ ಮಾಡಿ’ ಅಂದರೆ ಯಾರು ಕೇಳುತ್ತಾರೆ?

ಹಣದ ಮಾತೂ ಈಗಲೇ ಆಡಿ, ಸಂಕೋಚ ಬೇಡ. ನಟ್ಟುವಾಂಗ (ತಾಳ ಹಾಕಿ ನೃತ್ಯ ನಡೆಸುವುದು), ಹಾಡುಗಾರಿಕೆ, ಮೃದಂಗ, ಕೊಳಲು, ಪಿಟೀಲು, ಹಾಲ್, ಡ್ರೆಸ್, ಆಭರಣ, ಮೇಕಪ್, ವಿಡಿಯೊ, ಬಂದವರ ಊಟ ಎಲ್ಲ ಸೇರಿ ರಂಗಪ್ರವೇಶದ ಖರ್ಚು ಲಕ್ಷಗಟ್ಟಲೆ ಹೋಗುತ್ತದೆ. ಸಾಲ ಮಾಡಿದವರನ್ನು ನಾನು ಬಲ್ಲೆ. ನೃತ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಬರೆಯಲು ರಂಗಪ್ರವೇಶ ಆಗಿರಲೇಬೇಕು ಅಂತ ಏನೂ ಇಲ್ಲ. ಅದು ಒಂದು ಸಂಭ್ರಮ. ಮಗು ತಯಾರಾದಾಗ, ಮನೆಗೆ ಭಾರವಾಗದಂತೆ ಮಾಡುವುದು. ಸೇರಿಸುವ ದಿನವೇ ಕೇಳಿ: ತಿಂಗಳ ಫೀಸ್ ಬಿಟ್ಟು ಬೇರೆ ಏನೇನು ಬರುತ್ತದೆ? ಪ್ರತಿ ಪ್ರೋಗ್ರಾಂಗೆ ಡ್ರೆಸ್ ಬಾಡಿಗೆ, ಮೇಕಪ್ ಅಂತ ಎಷ್ಟು? ಬೇಡ ಅಂದರೆ ಮಗುವನ್ನು ಬಿಟ್ಟು ಮಾಡುತ್ತಾರಾ, ಮುಖ ಸಿಂಡರಿಸುತ್ತಾರಾ? ವರ್ಷದ ಫೀಸನ್ನು ಒಟ್ಟಿಗೆ ಕಟ್ಟಬೇಡಿ.

ಇನ್ನೊಂದು ವಿಷಯ, ಚಿಕ್ಕದಾಗಿ ಆದರೆ ಸ್ಪಷ್ಟವಾಗಿ. ನೃತ್ಯದಲ್ಲಿ ಮುಟ್ಟಿ ತಿದ್ದುವುದು ಇರುತ್ತದೆ. ಒಳ್ಳೆಯ ಟೀಚರ್ ‘ಕೈ ಸರಿ ಮಾಡ್ಲಾ ಪುಟ್ಟಾ’ ಅಂತ ಕೇಳಿ ಮುಟ್ಟುತ್ತಾರೆ, ಮೊಣಕೈ, ಮಣಿಕಟ್ಟು, ಬೆನ್ನು ಮುಟ್ಟಿ ಬಿಡುತ್ತಾರೆ. ಪೋಷಕರು ಎಂದಿಗೂ ಒಳಗೆ ಬರಲೇಬಾರದು ಅನ್ನುವ ಕ್ಲಾಸ್ ಬೇಡ. ಬಾಗಿಲು ಹಾಕಿ ಒಬ್ಬ ಮಗುವಿಗೆ ಮಾತ್ರ ಪಾಠ ಮಾಡುವುದೂ ಬೇಡ, ಎಷ್ಟೇ ದೊಡ್ಡ ವಿದ್ವಾಂಸರಾಗಿರಲಿ. ಬಟ್ಟೆ ಬದಲಿಸುವ ಜಾಗ ಬೇರೆ ಇರಬೇಕು. ಮಗು ಏನಾದರೂ ಹೇಳಿದರೆ ಮೊದಲು ನಂಬಿ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ನೃತ್ಯದ ಕ್ಲಾಸಿಗೂ ಅನ್ವಯಿಸುತ್ತದೆ.

ಹಾಗಾದರೆ ಯಾವುದು? ನಿಮ್ಮ ಜಾಗದಲ್ಲಿ ನಾನಿದ್ದರೆ ಎಂಟು ಮಕ್ಕಳ ಕ್ಲಾಸಿಗೆ ಮೂರು ತಿಂಗಳ ಮಟ್ಟಿಗೆ ಕಳಿಸುತ್ತಿದ್ದೆ. ಆರು ತಿಂಗಳು ಬರೀ ತಟ್ಟಡವು ಅನ್ನುವುದು ಕೇಳಲು ಬೇಜಾರು, ಆದರೆ ಆ ‘ತೈಯ ತೈ’ಯಲ್ಲೇ ಮಂಡಿ, ಬೆನ್ನು, ಪಾದ ಮೂರೂ ತಮ್ಮ ಜಾಗ ಕಲಿಯುವುದು. ಇದರಲ್ಲೂ ತೊಂದರೆ ಇಲ್ಲದಿಲ್ಲ. ನಿಮ್ಮ ಮಗಳು ಚೂಟಿ, ಅವಳಿಗೆ ಬೋರಾಗಿ ‘ಹೋಗಲ್ಲ’ ಅನ್ನಬಹುದು. ಹಾಗಾಗಿ ಟೀಚರ್ ಹತ್ತಿರ ಮೊದಲೇ ಕೇಳಿ, ಕೊನೇ ಹತ್ತು ನಿಮಿಷ ಹಸ್ತ (ಕೈಮುದ್ರೆ), ಒಂದು ಪುಟ್ಟ ಕಥೆ, ಒಂದು ಶ್ಲೋಕದ ಅಭಿನಯ ಸೇರಿಸುತ್ತಾರಾ ಅಂತ. ವಯಸ್ಸಾದವರು, ಆರೋಗ್ಯ ತಪ್ಪಿದರೆ ಯಾರು ಪಾಠ ಮಾಡುತ್ತಾರೆ ಅಂತಲೂ ಕೇಳಿ. ದೊಡ್ಡ ಕ್ಲಾಸನ್ನು ನೋಡದೇ ತಳ್ಳಿಹಾಕಬೇಡಿ. ಅಲ್ಲಿ 40 ಮಕ್ಕಳಿಗೆ ಮೂರು ಜನ ಟೀಚರ್ ಇದ್ದು, ನೆಲಕ್ಕೆ ಏನಾದರೂ ಹಾಸಿದ್ದರೆ ನನ್ನ ಅಭಿಪ್ರಾಯ ಬದಲಾಗಬಹುದು. ಒಂದು ವರ್ಷ ಕಾಯುವುದರಿಂದ ಮೈಗೆ ಏನೂ ನಷ್ಟವಿಲ್ಲ, ಅವಳ ಈಗಿನ ಉತ್ಸಾಹ ಮಾತ್ರ ತಣ್ಣಗಾಗಬಹುದು.

ಎರಡೂ ಕಡೆ ಹೋಗಿ ಒಂದೊಂದು ಪೂರ್ತಿ ಕ್ಲಾಸ್ ಕೂತು ನೋಡಿ. ಮುಂದಿನ ಸಾಲಿನ ಮಕ್ಕಳನ್ನು ನೋಡಬೇಡಿ, ಅವರು ಎಲ್ಲ ಕಡೆಯೂ ಚೆನ್ನಾಗಿಯೇ ಮಾಡುತ್ತಾರೆ. ಕೊನೇ ಸಾಲು ನೋಡಿ. ಅಲ್ಲಿ ಒಂದು ಮಗು ಮಂಡಿ ಒಳಗೆ ಹಾಕಿ ಕೂತಿರುತ್ತದೆ, ಇನ್ನೊಂದು ಸುಸ್ತಾಗಿ ನಿಂತಿರುತ್ತದೆ. ಒಂದು ಗಂಟೆಯಲ್ಲಿ ಟೀಚರ್ ಎಷ್ಟು ಸಲ ಎದ್ದು ಅಲ್ಲಿಗೆ ಹೋದರು? ಹೋಗಿ ಏನು ಹೇಳಿದರು? ಕಾಲು ನೋವು ಅಂದ ಮಗುವಿಗೆ ‘ಸ್ವಲ್ಪ ಕೂತ್ಕೋ’ ಅಂದರಾ, ‘ನಾಟಕ ಬೇಡ’ ಅಂದರಾ? ಟೀಚರ್ ವಿದ್ವತ್ ಮುಗಿಸಿದ್ದರೆ ಸಂತೋಷ, ಆದರೆ ಮಕ್ಕಳಿಗೆ ಕಲಿಸುವುದು ಇನ್ನೊಂದೇ ವಿದ್ಯೆ, ಅದರ ಸರ್ಟಿಫಿಕೇಟ್ ಕೊನೇ ಸಾಲಿನಲ್ಲಿರುತ್ತದೆ.

ಸೇರಿಸಿದ ಮೇಲೆ ವಾರಕ್ಕೆ ಎರಡು ಕ್ಲಾಸ್, ಮನೆಯಲ್ಲಿ ಹತ್ತು ಹದಿನೈದು ನಿಮಿಷ ಸಾಕು. ಮುಂದೆ ಜಾಸ್ತಿಯಾದರೂ ಮಗುವಿನ ವಯಸ್ಸು ಎಷ್ಟೋ ವಾರಕ್ಕೆ ಅಷ್ಟು ಗಂಟೆ ಮೀರಬಾರದು, ಆಟೋಟವೂ ಸೇರಿ. ವಾರದಲ್ಲಿ ಒಂದು ದಿನವಾದರೂ ಪೂರಾ ರಜ. ಶುರುವಿನಲ್ಲಿ ತೊಡೆ ಹಿಡಿದುಕೊಳ್ಳುವುದು ಸಹಜ, ಎರಡು ದಿನದಲ್ಲಿ ಹೋಗುತ್ತದೆ. ಆದರೆ ಒಂದೇ ಬೆರಳಿಟ್ಟು ‘ಇಲ್ಲೇ ನೋವು’ ಅಂದರೆ, ಊತ ಇದ್ದರೆ, ಕುಂಟಿದರೆ, ರಾತ್ರಿ ನೋವಿಗೆ ಎದ್ದರೆ ಕ್ಲಾಸ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಮಗನ ವಿಷಯ ಮರೆತಿಲ್ಲ. ಅವರಪ್ಪನಿಗೆ ಇದನ್ನು ಹೇಳಿ: ಇವತ್ತು ನಾವು ಮಾಡುವ ಅಲರಿಪುವಿನಿಂದ ತಿಲ್ಲಾನದವರೆಗಿನ ಈ ಕ್ರಮವನ್ನು 19ನೇ ಶತಮಾನದಲ್ಲಿ ಕಟ್ಟಿಕೊಟ್ಟವರು ತಂಜಾವೂರಿನ ನಾಲ್ವರು ಅಣ್ಣತಮ್ಮಂದಿರು. ಅವರಲ್ಲಿ ಹಿರಿಯರಾದ ಚಿನ್ನಯ್ಯನವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಮ್ಮ ಮೈಸೂರು ಆಸ್ಥಾನಕ್ಕೇ ಬಂದಿದ್ದರು. ಹುಡುಗರ ಮೈ ಈ ವಯಸ್ಸಿನಲ್ಲಿ ಸ್ವಲ್ಪ ಬಿಗಿ ಇರಬಹುದು, ಅರಮಂಡಿ ನಿಧಾನಕ್ಕೆ ಬರುತ್ತದೆ, ಅಷ್ಟೇ ವ್ಯತ್ಯಾಸ. ಕ್ಲಾಸ್ ನೋಡಲು ಹೋಗುವ ದಿನ ಅವನನ್ನೂ ಕರೆದುಕೊಂಡು ಹೋಗಿ. ಆದರೆ ಅವರಪ್ಪನೂ ಜೊತೆಗೆ ಬರಲಿ, ಒಂದು ಗಂಟೆ ಕೂತು ನೋಡಲಿ.